ಹಳದಿ ಕೆಂಪಾಗದ ಊರಿನಲ್ಲಿ ಮೂರು ವಾರ

ಹೊರಡುವ ಮೊದಲು

ನಾನು ಫಿನ್ಲೆಂಡಿಗೆ ಹೋದದ್ದು ಹಿಮ ನೋಡಲಿಕ್ಕಲ್ಲ, ಒಂದು ಇಮೇಲಿನ ದೆಸೆಯಿಂದ. ಅದರಲ್ಲಿ ಇದ್ದದ್ದು ಎರಡೇ ಸಾಲು. "ನೀವು ಅಂಚೆಯಲ್ಲಿ ಕಳಿಸಿದ ಪುಡಿ ತಲುಪಿತು. ನಮ್ಮಲ್ಲಿ ಅದು ಕೆಂಪಾಗುವುದಿಲ್ಲ, ಹಳದಿಯಾಗಿಯೇ ಉಳಿಯುತ್ತದೆ."

ಬರೆದವಳು ಪೈವಿ ಎಂಬ ಸಂಶೋಧಕಿ, ಆ ದೇಶದ ನಡುವಿನ ಒಂದು ಕೆರೆಯೂರಿನ ವಿಶ್ವವಿದ್ಯಾಲಯದವಳು. ಕೆಂಪಾಗಬೇಕಾಗಿದ್ದ ಪುಡಿ ನನ್ನದು. ನಾಲ್ಕು ವರ್ಷ ಕೂತು ನಾನು ಕಟ್ಟಿದ ಅಣು ಅದು.

ಆ ಅಣುವಿನ ಕೆಲಸ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಕಥೆ ಯಾರಿಗೂ ಬೇಡ. ಹೊಲದ ಗೊಬ್ಬರದಿಂದ ತೊರೆಗೆ, ಕೆರೆಗೆ ಇಳಿಯುವ ಫಾಸ್ಫೇಟನ್ನು ಅದು ಎರಡು ಕೈ ಚಾಚಿ ಹಿಡಿಯುತ್ತದೆ, ಸದ್ಯಕ್ಕೆ ಕೆರೆಯಲ್ಲಲ್ಲ, ಪ್ರಯೋಗಾಲಯದ ದ್ರಾವಕದಲ್ಲಿ. ಹಿಡಿದ ಕೂಡಲೇ ಹಳದಿ ದ್ರಾವಣ ಪುನರ್ಪುಳಿ ಶರಬತ್ತಿನ ಹಾಗೆ ಕೆಂಪಾಗುತ್ತದೆ. ಯಂತ್ರ ಬೇಡ, ಕಣ್ಣಿದ್ದರೆ ಸಾಕು. ಹೀಗೆ ಹಿಡಿಯುವುದು, ಬಿಡುವುದು, ಹಿಡಿದದ್ದನ್ನು ಬಣ್ಣದಿಂದ ಹೇಳುವುದು, ಇದೇ ನನ್ನ ವಿಷಯ. ಮನೆಯಲ್ಲಿ ಇದನ್ನು ಹೇಳಿಕೊಟ್ಟದ್ದು ಪಪ್ಪನ ಜೀಪಿನ ಉದಾಹರಣೆಯಿಂದ. ಪಪ್ಪ ವರ್ಕಾಡಿಯಿಂದ ಹೊಸಂಗಡಿಗೆ ಟ್ರಿಪ್ ಹೊಡೆಯುವಾಗ ಜೀಪಿನ ಹಿಂದೆ ನಾಲ್ಕು ಜನ ನೇತಾಡುತ್ತಿರುತ್ತಾರೆ. ಅವರನ್ನು ಯಾರೂ ಜೀಪಿಗೆ ವೆಲ್ಡಿಂಗ್ ಮಾಡಿಲ್ಲ. ಕಂಬಿ ಹಿಡಿದಿದ್ದಾರೆ, ಅಷ್ಟೆ. ತಮ್ಮ ಸ್ಟಾಪ್ ಬಂದಾಗ ಕೈ ಬಿಟ್ಟು ಇಳಿಯುತ್ತಾರೆ. ನನ್ನ ಅಣು ಜೀಪು, ಫಾಸ್ಫೇಟ್ ಪ್ಯಾಸೆಂಜರ್. ಪಪ್ಪನಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು.

ಊರಿನವರಿಗೆ ಅಷ್ಟು ಸುಲಭದಲ್ಲಿ ಆಗಲಿಲ್ಲ. ಬೀಡಿ ಕಟ್ಟುವ ಅಮ್ಮ, ಜೀಪು ಬಿಡುವ ಪಪ್ಪ. ಅವರ ಮಗಳು ಜೆಸಿಂತಾ ನಮ್ಮ ಕುಟುಂಬದಲ್ಲಿ ಡಿಗ್ರಿ ಪಾಸಾದ ಮೊದಲನೆಯವಳು. ಕಾಸರಗೋಡಿನ ಕಾಲೇಜಿಗೆ ನಾನು ಕೆಮಿಸ್ಟ್ರಿಗೆ ಸೇರಿದಾಗ ಇಗರ್ಜಿಯ, ಎಂದರೆ ಚರ್ಚಿನ, ಅಂಗಳದಲ್ಲಿ ಒಬ್ಬರು ಕೇಳಿದ್ದರು: "ಎಂತ ಬಾಯೇ, ಕಲ್ತಾದ ಮೇಲೆ ಮೆಡಿಕಲ್ ಶಾಪ್ ಇಡ್ತೀಯಾ?" ಎಮ್ಮೆಸ್ಸಿ ಮುಗಿಸಿ ಸಂಶೋಧನೆಗೆ ಸೇರಿದಾಗಲೂ ಅವರೇ ಕೇಳಿದರು: "ಇನ್ನೂ ಪಾಸಾಗ್ಲಿಲ್ವಾ?"

ಇಂಥವಳ ಅಣು ಕೆಂಪಾಗುವುದಿಲ್ಲ ಎಂದು ದೂರದ ದೇಶದಿಂದ ಕಾಗದ ಬಂದರೆ ಹೇಗಾಗಬೇಡ. ಆ ಬಣ್ಣವನ್ನು ನಂಬಿ ನಾವು ಆಗಲೇ ಒಂದು ಲೇಖನ ಅಚ್ಚು ಹಾಕಿಸಿದ್ದೆವು. ನನ್ನ ಮಾರ್ಗದರ್ಶಕರಿಗೆ ನಾವೆಲ್ಲ ಸರ್ ಎನ್ನುವುದು. ಅವರು ಇಮೇಲನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ನೀನೇ ಹೋಗಿ ತೋರ್ಸು ಮಾರಾಯ್ತಿ. ಮೂರು ವಾರ ಇದ್ದು ಬಾ. ಬಂದ್ರೆ ಬಂತು."

"ಬರದಿದ್ರೆ ಸರ್?"

"ಬರದಿದ್ರೆ ಲೇಖನ ಹಿಂದೆ ತೆಕ್ಕೊಳ್ಬೇಕು. ಥೀಸಿಸ್‌ನಲ್ಲಿ ಆ ಅಧ್ಯಾಯವೂ ಇಲ್ಲ. ಜನ ಎಂತ ಹೇಳ್ತಾರೆ ಅಂತ ನಿಂಗೆ ಗೊತ್ತುಂಟಲ್ಲ."

ಗೊತ್ತಿತ್ತು. ಬಣ್ಣ ತಾನಾಗಿ ಬಂದದ್ದಲ್ಲ, ಹುಡುಗಿ ಹಾಕಿದ್ದು ಅಂತ ಹೇಳುತ್ತಾರೆ.

ವಿಮಾನ ಇಳಿದಲ್ಲಿ

ಅಮ್ಮ ನನ್ನ ಪೆಟ್ಟಿಗೆಯಲ್ಲಿ ಒಂದು ಬಾಟ್ಲಿ ತೆಂಗಿನೆಣ್ಣೆ ಇಟ್ಟಿದ್ದಳು. ನಮ್ಮಲ್ಲಿ ಅದು ವರ್ಷವಿಡೀ ನೀರಿನ ಹಾಗೆ ಇರುತ್ತದೆ. ವಿಮಾನದ ಹೊಟ್ಟೆಯಲ್ಲಿ ಬಂದ ಬಾಟ್ಲಿಯನ್ನು ಫಿನ್ಲೆಂಡಿನ ತನಿಖೆಯ ಅಧಿಕಾರಿ ಹೊರತೆಗೆದಾಗ ಅದರೊಳಗೆ ಇದ್ದದ್ದು ಬೆಳ್ಳಗಿನ ಕಲ್ಲು. ಆತ ತಲೆಕೆಳಗು ಮಾಡಿದ. ಒಂದು ಹನಿ ಬೀಳಲಿಲ್ಲ.

"ಇದೇನು?"

"ತಲೆಗೆ ಹಾಕುವ ಎಣ್ಣೆ."

ಆತ ಬಾಟ್ಲಿಯನ್ನೂ ನನ್ನ ತಲೆಯನ್ನೂ ನೋಡಿದ. ಕಲ್ಲನ್ನು ತಲೆಗೆ ಹಾಕುವ ಜನಾಂಗವನ್ನು ಆತ ಮೊದಲು ಕಂಡಿರಲಿಕ್ಕಿಲ್ಲ. ನಾನು ಕೆಮಿಸ್ಟ್ರಿಯವಳಲ್ಲವೇ, ಇಪ್ಪತ್ತನಾಲ್ಕು ಡಿಗ್ರಿಗಿಂತ ಕೆಳಗೆ ಇದು ಗಟ್ಟಿಯಾಗುತ್ತದೆ ಎಂದು ಪಾಠ ಶುರು ಮಾಡಿದೆ. ಬಾಟ್ಲಿಯನ್ನು ಕಂಕುಳಲ್ಲಿ ಇಟ್ಟು ಬಿಸಿ ಮಾಡಿ ತೋರಿಸಲೂ ಹೊರಟೆ. ಆತ ಗಾಬರಿಯಿಂದ ಕೈ ಅಲ್ಲಾಡಿಸಿ, ಹೋಗಿ ಎಂದ. ಪಾಠ ಕೇಳುವ ಬದಲು ವಿದ್ಯಾರ್ಥಿಗೆ ಹಾಜರಿ ಕೊಟ್ಟು ಕಳಿಸುವ ಮೇಷ್ಟ್ರ ಹಾಗೆ.

ಹೊರಗೆ ಪೈವಿ ನಿಂತಿದ್ದಳು. ನನ್ನ ಪ್ರಾಯ, ನನಗಿಂತ ಒಂದು ಗೇಣು ಎತ್ತರ. ಕೈ ಕುಲುಕಿದಳು. ಆಮೇಲೆ ಕಾರಿನಲ್ಲಿ ಮೂರು ಗಂಟೆ ದಾರಿ. ಅಷ್ಟರಲ್ಲಿ ಅವಳು ಆಡಿದ್ದು ನಾಲ್ಕು ಮಾತು. ಮೂರು ಗಂಟೆ ಮಾತಾಡದೆ ಕೂತರೆ ನಮ್ಮಲ್ಲಿ ಅದಕ್ಕೆ ಜಗಳ ಎಂದು ಹೆಸರು. ನನ್ನ ಪುಡಿಯಿಂದಾಗಿ ಇವಳಿಗೆ ಸಿಟ್ಟು ಬಂದಿದೆ ಎಂದುಕೊಂಡು ನಾನು ಹಿಮ ನೋಡುತ್ತಾ ಕೂತೆ. ಅವಳಿಗೆ ಸಿಟ್ಟೂ ಇರಲಿಲ್ಲ, ಏನೂ ಇರಲಿಲ್ಲ, ಹೇಳಲಿಕ್ಕೆ ಮಾತು ಇರಲಿಲ್ಲ ಅಷ್ಟೆ ಎಂದು ತಿಳಿಯಲು ನನಗೆ ಒಂದು ವಾರ ಬೇಕಾಯಿತು.

ಸರ್ ಇಲ್ಲದ ಪ್ರಯೋಗಾಲಯ

ಅಲ್ಲಿ ಪ್ರಯೋಗಾಲಯದ ಮುಖ್ಯಸ್ಥರ ಹೆಸರು ಮಾರ್ಕು. ಪುಸ್ತಕಗಳಲ್ಲಿ ಹೆಸರಿರುವ ಮನುಷ್ಯ. ಮೊದಲ ದಿನ ಅವರೇ ಕಾಫಿ ಮಾಡಿ ತಂದು ನನ್ನ ಮುಂದೆ ಇಟ್ಟರು. ನಾನು ಎದ್ದು ನಿಂತೆ. ಅವರೂ ಎದ್ದು ನಿಂತರು, ಏನೋ ಆಗಿದೆ ಎಂದು.

"ಥ್ಯಾಂಕ್ಯೂ ಸರ್."

"ಮಾರ್ಕು."

"ಸರಿ ಸರ್."

ಪೈವಿ ಪಕ್ಕದಲ್ಲಿ ಗಂಟಲು ಸರಿ ಮಾಡಿಕೊಂಡಳು. ಅದು ಅವಳ ನಗು ಎಂದು ಆಮೇಲೆ ಗೊತ್ತಾಯಿತು. ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದು. ಮಾರ್ಕುವನ್ನು ಮಾರ್ಕು ಎನ್ನಲು ನನ್ನ ನಾಲಿಗೆ ಕೊನೆಯವರೆಗೂ ಏಳಲಿಲ್ಲ. ಕರೆಯಬೇಕಾದಾಗ ಅವರ ಎದುರು ಹೋಗಿ ನಿಲ್ಲುತ್ತಿದ್ದೆ, ಅವರಾಗಿ ನೋಡುವವರೆಗೆ. ನನ್ನ ಹೆಸರೂ ಅವರ ಬಾಯಲ್ಲಿ ಯೆಸಿಂತಾ ಆಯಿತು. ಇರಲಿ ಎಂದು ಬಿಟ್ಟೆ.

ಪ್ರಯೋಗಾಲಯ ಮಾತ್ರ ಬೇರೆಯೇ ಲೋಕ. ನಮ್ಮಲ್ಲಿ ದ್ರಾವಕವನ್ನು ಒಣಗಿಸಬೇಕಾದರೆ, ಅಂದರೆ ಅದರಲ್ಲಿರುವ ನೀರಿನಂಶ ತೆಗೆಯಬೇಕಾದರೆ, ಒಂದು ಬೆಳಿಗ್ಗೆಯೆಲ್ಲ ಕುದಿಸಿ ಭಟ್ಟಿ ಇಳಿಸಬೇಕು. ಅಲ್ಲಿ ಗೋಡೆಯಲ್ಲಿ ನಲ್ಲಿ. ತಿರುಗಿಸಿದರೆ ಒಣ ದ್ರಾವಕ ಬರುತ್ತದೆ. ಅದನ್ನು ಹೊರಗಿನ ಗಾಳಿ ತಾಗದಂತೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ಪೆಟ್ಟಿಗೆಗೆ ಜೋಡಿಸಿದ ರಬ್ಬರಿನ ಕೈಗವಸುಗಳಲ್ಲಿ ನಮ್ಮ ಕೈ ತೂರಿಸಿ ಕೆಲಸ ಮಾಡುತ್ತಾರೆ.

ಒಂದು ಕಪಾಟಿನಲ್ಲಿ ತೇವ ಹೀರುವ ಮಣಿಗಳ ಗಾಜಿನ ಜಾಡಿ ಇತ್ತು. ಅಂಥ ಮಣಿಗಳು ನಮ್ಮಲ್ಲೂ ಇವೆ. ಒಣಗಿದ್ದಾಗ ನೀಲಿ, ತೇವ ಕುಡಿದ ಮೇಲೆ ಗುಲಾಬಿ ಎಂದು ಪುಸ್ತಕದಲ್ಲಿ ಓದಿದ್ದೆ. ಆದರೆ ನಮ್ಮ ಜಾಡಿಯಲ್ಲಿ ನಾನು ನೋಡಿದ್ದು ಗುಲಾಬಿಯನ್ನೇ. ಒಲೆಯಲ್ಲಿ ಹುರಿದು ತಂದು ಇಟ್ಟರೆ ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ಗುಲಾಬಿ. ಅಲ್ಲಿ ಇಡೀ ಜಾಡಿ ನೀಲಿಯಾಗಿ ಹೊಳೆಯುತ್ತಿತ್ತು.

"ಹೊಸದಾ?" ಎಂದು ಕೇಳಿದೆ.

"ನಾನು ಸೇರುವ ಮೊದಲಿನದ್ದು," ಎಂದಳು ಪೈವಿ.

ಕಣ್ಣೆದುರೇ ಉತ್ತರ ಇತ್ತು. ನಾನು ಬಣ್ಣ ಚೆಂದ ಉಂಟು ಎಂದುಕೊಂಡು ಮುಂದೆ ಹೋದೆ.

ಹತ್ತು ದಿನ ಹಳದಿ

ಮೊದಲನೇ ದಿನ ಪುಡಿ ತೂಗಿದೆ, ದ್ರಾವಕದಲ್ಲಿ ಕರಗಿಸಿದೆ, ಫಾಸ್ಫೇಟ್ ಹಾಕಿದೆ. ಹಳದಿ. ಇನ್ನೂ ಸ್ವಲ್ಪ ಹಾಕಿದೆ. ಹಳದಿ. ಪ್ರಯಾಣದ ಸುಸ್ತು ಇರಬೇಕು, ಕೈ ತಪ್ಪಿರಬೇಕು ಎಂದುಕೊಂಡೆ. ಎರಡನೇ ದಿನವೂ ಹಳದಿ. ಪುಡಿ ಹಾಳಾಗಿದೆಯೇ ಎಂದು ದೊಡ್ಡ ಯಂತ್ರದಲ್ಲಿ ಪರೀಕ್ಷಿಸಿದೆವು. ಪುಡಿ ಶುದ್ಧ. ಫಾಸ್ಫೇಟ್ ಬದಲಿಸಿದೆವು. ಗಾಜಿನ ಸಾಮಾನು ಬದಲಿಸಿದೆವು. ಹಳದಿ, ಹಳದಿ, ಮತ್ತೆ ಹಳದಿ.

ಊರಿನಲ್ಲಿ ನಾನು ಇದನ್ನು ಕಣ್ಣು ಮುಚ್ಚಿ ಮಾಡುತ್ತಿದ್ದೆ. ಜೂನಿನ ಮಳೆಗೆ ಕರೆಂಟು ಹೋದಾಗ ಕಿಟಕಿಯ ಬೆಳಕಿನಲ್ಲಿ ಮಾಡಿದ್ದೇನೆ. ಆಗಲೂ ಕೆಂಪು.

ಯಾರೂ ನನಗೆ ಒಂದು ಬಿರುಸು ಮಾತು ಹೇಳಲಿಲ್ಲ. ಅದೇ ಕಷ್ಟ. ನಮ್ಮ ಪ್ರಯೋಗಾಲಯದಲ್ಲಾದರೆ ಒಬ್ಬ "ಎಂತ ಮಾರಾಯ್ತಿ, ಅರಶಿನ ಕಲಸಿ ತಂದಿದ್ದೀಯಾ?" ಎಂದು ಚೇಷ್ಟೆ ಮಾಡುತ್ತಿದ್ದ, ನಾನು ಬೈಯುತ್ತಿದ್ದೆ, ಮನಸ್ಸು ಹಗುರವಾಗುತ್ತಿತ್ತು. ಇಲ್ಲಿ ಪೈವಿ ಪ್ರತಿ ದಿನ ತನ್ನ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಿದ್ದಳು: "ಬಣ್ಣ ಬದಲಾಗಲಿಲ್ಲ." ಬರೆದು, ದಿನಾಂಕ ಹಾಕಿ, ನನಗೆ ಕಾಫಿ ತರುತ್ತಿದ್ದಳು.

ಹತ್ತನೇ ದಿನ ಮಾರ್ಕು ಬಂದು ನಿಂತರು. "ನಿನ್ನ ಹತ್ತಿರ ಇನ್ನೂ ಒಂದೂವರೆ ವಾರ ಇದೆ," ಎಂದರು. ಅವರು ಧೈರ್ಯ ಹೇಳಿದ್ದು. ನನಗೆ ಅದು ಗಡುವಿನ ಹಾಗೆ ಕೇಳಿಸಿತು.

ಭಾನುವಾರದ ಫೋನು

ಇಗರ್ಜಿಯ ಪೂಜೆ ಮುಗಿಸಿ ಬಂದು ಮನೆಗೆ ಫೋನು ಮಾಡಿದೆ. ನಮ್ಮ ಮನೆಮಾತು ಕೊಂಕಣಿ. ಅಮ್ಮ ಹೇಳಿದ್ದನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತೇನೆ. ಅಮ್ಮನನ್ನು ನಾನು ಕರೆಯುವುದು ಮಾಂಯ್ ಎಂದು.

"ಎಂತ ತಿಂದಿ?"

"ಬ್ರೆಡ್ಡು, ಮಾಂಯ್."

"ಮೊನ್ನೆಯೂ ಬ್ರೆಡ್ಡು, ಇವತ್ತೂ ಬ್ರೆಡ್ಡು. ನಿಂಗೆ ಜ್ವರವಾ?"

ನಮ್ಮಲ್ಲಿ ಬ್ರೆಡ್ಡು ತಿನ್ನುವುದು ಜ್ವರ ಬಂದವರು. ಇಡೀ ದೇಶವೇ ತಿನ್ನುತ್ತದೆ ಎಂದರೆ, "ಸಾಯ್ಬಾ ಭೊಗೊಸ್!" ಎಂದಳು. ದೇವರೇ ಕ್ಷಮಿಸು ಎಂದು. ಇಡೀ ದೇಶಕ್ಕೆ ಜ್ವರ ಎಂದು ಅವಳ ಲೆಕ್ಕ.

"ಜ್ವರ ಇಲ್ಲ. ತುಟಿ ಒಡ್ದು ರಕ್ತ ಬರ್ತದೆ. ಬೆರಳು ಮಡಚಿದ್ರೆ ಚರ್ಮ ಸೀಳ್ತದೆ. ಹೊರಗೆ ಚಳಿ, ಒಳಗೆ ಹೀಟರು. ಗಾಳಿಯಲ್ಲಿ ಒಂಚೂರು ತೇವ ಇಲ್ಲ."

"ಬೀಡಿ ಎಲೆ ಹಾಗೆ ಆಗಿದ್ದಿ ನೀನು. ಎಲೆ ಒಣಗಿದ್ರೆ ಎಷ್ಟು ಒಳ್ಳೆ ಕೈಯಾದ್ರೂ ಸುರುಟ್ಲಿಕ್ಕೆ ಬರುದಿಲ್ಲ ಬಾಯೇ, ಪಟ್ಟಂತ ಒಡೀತದೆ. ನೀರು ಚಿಮುಕ್ಸಿ ಗೋಣಿಯಲ್ಲಿ ಸುತ್ತಿ ಇಡ್ಬೇಕು."

"ನನ್ನನ್ನಾ?"

"ನಿನ್ನನ್ನೇ. ಆದ್ರೆ ಜಾಸ್ತಿ ನೀರು ಬೇಡ. ಜಾಸ್ತಿಯಾದ್ರೆ ಎಲೆ ಬೂಷ್ಟು ಹಿಡೀತದೆ, ಯಾತಕ್ಕೂ ಆಗುದಿಲ್ಲ. ತೆಂಗಿನೆಣ್ಣೆ ಹಾಕಿದಿಯಾ?"

"ಎಣ್ಣೆ ಕಲ್ಲಾಗಿದೆ."

"ಆ ದೇಶದಲ್ಲಿ ಮನುಷ್ಯರು ಹೇಗೆ ಬದುಕ್ತಾರೆ!"

ಪಪ್ಪ ಫೋನು ತೆಗೆದುಕೊಂಡರು. "ಅಲ್ಲಿ ಜೀಪು ಉಂಟಾ?"

"ಬಸ್ಸುಂಟು ಪಪ್ಪ. ಇಡೀ ಸೀಟಿಗೆ ಒಬ್ಬರು. ಪಕ್ಕದಲ್ಲಿ ಜಾಗ ಇದ್ರೂ ನಿಂತೇ ಹೋಗ್ತಾರೆ, ಬೇರೆಯವರ ಹತ್ರ ಕೂತುಕೊಳ್ಳುದಿಲ್ಲ."

"ಛೆ," ಎಂದರು ಪಪ್ಪ, ನಿಜವಾದ ಬೇಸರದಲ್ಲಿ. "ಅಂಥಾ ಊರಲ್ಲಿ ಜೀಪು ಬಿಡುವವ ಎಂತ ಮಾಡುದು?"

ನನ್ನ ಕೆಲಸ ಹೇಗಾಯಿತು ಎಂದು ಇಬ್ಬರೂ ಕೇಳಲಿಲ್ಲ. ಆಗುತ್ತಿದೆ ಎಂದೇ ಅವರ ನಂಬಿಕೆ. ಅವರ ಮಗಳಿಗೆ ಆಗದೇ ಇದ್ದದ್ದು ಯಾವುದೂ ಅವರಿಗೆ ಗೊತ್ತಿರಲಿಲ್ಲ. ಫೋನು ಇಟ್ಟ ಮೇಲೆ ನಾನು ಸ್ವಲ್ಪ ಅತ್ತೆ. ಉಪ್ಪುನೀರು ಒಡೆದ ತುಟಿಗೆ ತಾಗಿ ಉರಿದದ್ದರಿಂದ ಅಳುವುದನ್ನು ನಿಲ್ಲಿಸಬೇಕಾಯಿತು.

ಬಿಸಿ ಕಲ್ಲಿನ ಕೋಣೆ

ಮರುದಿನ ಅಲ್ಲಿಯವರಿಗೆ ಏನೋ ರಜೆ. ಪೈವಿ ತನ್ನ ಅಮ್ಮನ ಮನೆಗೆ ಕರೆದುಕೊಂಡು ಹೋದಳು. ಕೆರೆಯ ದಡದಲ್ಲಿ ಮರದ ಸಣ್ಣ ಮನೆ. ಕೆರೆ ಹೆಪ್ಪುಗಟ್ಟಿ ಅಂಗಳವಾಗಿತ್ತು. ಅದರ ಮೇಲೆ ಜನ ಕುರ್ಚಿ ಹಾಕಿ, ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಗಾಳ ಹಾಕಿ ಕೂತಿದ್ದರು. ಪೈವಿಯ ಅಮ್ಮ ಹೆಲ್ಮಿ ನನ್ನ ಅಮ್ಮನ ಪ್ರಾಯದವರು. ಇಂಗ್ಲಿಷ್ ಬಾರದು, ಪೈವಿ ನಡುವೆ ನಿಂತು ಹೇಳಬೇಕು. ನನ್ನ ಕೈ ಹಿಡಿದು ಬೆರಳುಗಳ ಬಿರುಕು ನೋಡಿ ಅವರು ಹೇಳಿದ್ದು ಒಂದೇ ಶಬ್ದ: "ಸೌನಾ."

ಸೌನಾ ಎಂದರೆ ಮರದ ಸಣ್ಣ ಕೋಣೆ. ಒಳಗೆ ಒಲೆ, ಒಲೆಯ ಮೇಲೆ ಕಾದ ಕಲ್ಲುಗಳು, ಕೂರಲು ಮೆಟ್ಟಿಲ ಹಾಗೆ ಹಲಗೆ. ಇಷ್ಟು ಗೊತ್ತಿತ್ತು. ಬಟ್ಟೆ ಹಾಕಿಕೊಂಡು ಹೋಗುವ ಹಾಗಿಲ್ಲ ಎಂಬುದು ಗೊತ್ತಿರಲಿಲ್ಲ. ನಾನು ಉದ್ದ ಕೈಯ ನೈಟಿ ಹಾಕಿ, ಮೇಲೊಂದು ಶಾಲು ಹೊದ್ದು ಬಾಗಿಲು ತೆರೆದೆ. ಒಳಗೆ ತಾಯಿ ಮಗಳು ಹುಟ್ಟಿದ ಹಾಗೆ ಕೂತಿದ್ದಾರೆ! ಬಾಗಿಲು ಮುಚ್ಚಿದೆ. ಪುನಃ ತೆರೆದೆ. ಹಾಗೇ ಕೂತಿದ್ದಾರೆ.

"ಒಳಗೆ ಬಾ, ಬಿಸಿ ಹೋಗುತ್ತದೆ," ಎಂದಳು ಪೈವಿ.

"ನೀವು ಎಂತದೂ ಹಾಕಿಲ್ಲ!"

"ನೀನು ಎಲ್ಲವನ್ನೂ ಹಾಕಿದ್ದೀ."

ಹೆಲ್ಮಿ ಏನೋ ಹೇಳಿದರು. ಪೈವಿ ಗಂಟಲು ಸರಿ ಮಾಡಿಕೊಂಡು ಹೇಳಿದಳು: "ನೀನು ಇಗರ್ಜಿಗೆ ಹೊರಟದ್ದಾ ಅಂತ ಅಮ್ಮ ಕೇಳುತ್ತಾಳೆ."

ಕೊನೆಗೆ ಒಂದು ದೊಡ್ಡ ಟವೆಲಿಗೆ ಒಪ್ಪಂದವಾಯಿತು. ಅದನ್ನು ಎದೆಗೆ ಕಟ್ಟಿ, ಕಣ್ಣನ್ನು ಚಾವಣಿಯ ಕಡೆಗೆ ನೆಟ್ಟು ಮೂಲೆಯಲ್ಲಿ ಕೂತೆ. ಹೆಲ್ಮಿ ಒಂದು ಸೌಟು ನೀರು ತೆಗೆದು ಕಲ್ಲಿನ ಮೇಲೆ ಎರಚಿದರು. ಚೊಂಯ್ ಎಂದು ಹಬೆ ಎದ್ದು ಕೋಣೆ ತುಂಬಿತು. ಮುಖಕ್ಕೆ, ಕತ್ತಿಗೆ, ಕೈಗೆ ಬಂದು ಕೂತಿತು. ಅಯ್ಯೋ ದೇವರೇ, ಇದು ನನಗೆ ಗೊತ್ತಿರುವ ಗಾಳಿ. ಉಸಿರು ಎಳೆದುಕೊಂಡೆ. ಎರಡು ವಾರದಲ್ಲಿ ಮೊದಲ ಸಲ ಮೂಗು ಉರಿಯಲಿಲ್ಲ.

"ತಡೆಯುತ್ತದಾ ಅಂತ ಕೇಳುತ್ತಾಳೆ," ಎಂದಳು ಪೈವಿ.

"ಇದು ನಮ್ಮ ಊರಿನ ಮೇ ತಿಂಗಳು ಅಂತ ಹೇಳು."

ಹೆಲ್ಮಿ ಇನ್ನೊಂದು ಸೌಟು ನೀರು ಎರಚಿದರು. ಆಮೇಲೆ ಕೇಳಿದ್ದನ್ನು ಪೈವಿ ಹೀಗೆ ಹೇಳಿದಳು: "ಹಾಗಾದರೆ ನೀವೆಲ್ಲ ದಿನವಿಡೀ ಸೌನಾದಲ್ಲಿ ಬಟ್ಟೆ ಹಾಕಿಕೊಂಡು ಕೂರುತ್ತೀರಾ? ಆಫೀಸಿಗೂ ಹೋಗುತ್ತೀರಾ?"

ನಾನು ನಕ್ಕೆ. ತುಟಿ ಒಡೆಯಲಿಲ್ಲ. ಕೈ ಮಡಚಿ ನೋಡಿದೆ. ಬೆಳಗ್ಗಿನಿಂದ ಕಡ್ಡಿಯಾಗಿದ್ದ ಬೆರಳು ಮೆತ್ತಗೆ, ನೋವಿಲ್ಲದೆ ಮಡಚಿತು. ಇನ್ನೊಮ್ಮೆ ಮಡಚಿದೆ. ನಿನ್ನೆ ಅಮ್ಮ ಹೇಳಿದ ಎಲೆ ಆಗ ನನಗೆ ನೆನಪಾಯಿತು. ಒಣಗಿದರೆ ಸುರುಟಲಿಕ್ಕೆ ಬರುವುದಿಲ್ಲ.

ನನ್ನ ಅಣುವೂ ಫಾಸ್ಫೇಟಿನ ಸುತ್ತ ಸುರುಟಿಕೊಳ್ಳಬೇಕಾದದ್ದೇ ಅಲ್ಲವೇ.

"ಪೈವಿ, ನಿಮ್ಮ ನಲ್ಲಿಯ ದ್ರಾವಕದಲ್ಲಿ ನೀರು ಎಷ್ಟಿದೆ?"

"ಇಲ್ಲವೇ ಇಲ್ಲ," ಎಂದಳು ಅವಳು, ಸ್ವಲ್ಪ ಜಂಬದಿಂದಲೇ.

"ನನ್ನದರಲ್ಲಿ ಎಷ್ಟಿರಬಹುದು?"

ಉತ್ತರ ಅವಳು ಕೊಡಬೇಕಾಗಿಯೇ ಇರಲಿಲ್ಲ. ನಾನೇ ಕೊಟ್ಟುಕೊಂಡೆ. ಊರಿನಿಂದ ಪುಡಿ ತಂದಿದ್ದೆ, ಟಿಪ್ಪಣಿ ತಂದಿದ್ದೆ, ನನ್ನ ಕೈಯನ್ನೂ ತಂದಿದ್ದೆ. ವಿಮಾನದಲ್ಲಿ ಬಿಡುವುದಿಲ್ಲವೆಂದು ತರದೇ ಇದ್ದದ್ದು ದ್ರಾವಕ ಒಂದನ್ನೇ. ಬೆಳಿಗ್ಗೆ ಭಟ್ಟಿ ಇಳಿಸಿ "ಒಣ" ಎಂದು ಚೀಟಿ ಅಂಟಿಸಿದ ಬಾಟ್ಲಿಯನ್ನು ನಾವು ಕಿಟಕಿ ತೆರೆದ ಕೋಣೆಯಲ್ಲಿ ಹತ್ತು ಸಲ ಮುಚ್ಚಳ ತೆಗೆದು ಬಳಸುತ್ತಿದ್ದೆವು. ಕಡಲ ಗಾಳಿ ಅದರೊಳಗೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಹಗ್ಗದ ಮೇಲಿನ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ ಎಂದು ಗೊತ್ತಿರುವ ನಾವು, ಬಾಟ್ಲಿಯೊಳಗಿನದ್ದು ಮಾತ್ರ ಒಣಗಿಯೇ ಇರುತ್ತದೆ ಎಂದು ನಂಬಿದ್ದೆವು. ಚೀಟಿ ಅಂಟಿಸಿದ್ದೆವಲ್ಲ! ಆ ಚೀಟಿಯ ಶಬ್ದವನ್ನೇ ಲೇಖನದಲ್ಲೂ ಬರೆದಿದ್ದೆವು. ಪೈವಿ ಪಾಪ, ನಾವು ಬರೆದದ್ದನ್ನು ನಂಬಿ ನಿಜವಾಗಿಯೂ ಒಣಗಿಸಿದ್ದಳು.

ನಾನು ಎದ್ದು ನಿಂತೆ. ಟವೆಲ್ ಬಿತ್ತು. ಯಾರೂ ನೋಡಲಿಲ್ಲ, ನಾನೂ ಎತ್ತಿಕೊಳ್ಳಲಿಲ್ಲ. ಅರ್ಧ ಗಂಟೆ ಇಬ್ಬರೂ ನೀರಿನ ಬಗ್ಗೆ ವಾದ ಮಾಡಿದೆವು. ಹೆಲ್ಮಿ ಸೌಟು ಹಿಡಿದುಕೊಂಡು ಒಮ್ಮೆ ಮಗಳನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದರು. ಮಗಳು ಅಷ್ಟು ಮಾತಾಡಿದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲವಂತೆ.

ಒಂದು ಹನಿಯಲ್ಲಿ ಎಷ್ಟು ಪಾಲು

ಮಂಗಳವಾರ ಓಡಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಹಳದಿ ದ್ರಾವಣಕ್ಕೆ ಫಾಸ್ಫೇಟ್ ಹಾಕಿ, ಅದರ ಮೇಲೆ ಧಾರಾಳವಾಗಿ ನೀರು ಸುರಿದೆ. ನೀರು ಬೇಕಲ್ಲ, ತಕೋ.

ಹಳದಿ.

ಪೈವಿ ಪೆನ್ನು ತೆಗೆದಳು. "ಬಣ್ಣ ಬದಲಾಗಲಿಲ್ಲ" ಎಂದು ಬರೆಯಲು ಅವಳಿಗೂ ಮನಸ್ಸಿರಲಿಲ್ಲ, ಪೆನ್ನನ್ನು ಹಿಡಿದೇ ನಿಂತಳು. ಸೌನಾದಲ್ಲಿ ಹೊಳೆದದ್ದು ಸೌನಾದಲ್ಲೇ ಆವಿಯಾಯಿತಾ?

ಆಗ ಅಮ್ಮನ ಮಾತಿನ ಇನ್ನರ್ಧ ಕಿವಿಗೆ ಬಂತು. ಚಿಮುಕಿಸಬೇಕು, ಜಾಸ್ತಿ ಬೇಡ. ನಾನು ಎಲೆಯನ್ನು ಬಾವಿಗೆ ಹಾಕಿದ್ದೆ. ಅಷ್ಟು ನೀರಿದ್ದರೆ ಅಣು ಫಾಸ್ಫೇಟನ್ನು ಬಿಟ್ಟು ನೀರಿನ ಕೈಯನ್ನೇ ಹಿಡಿಯುತ್ತದೆ. ಜೀಪಿಗೆ ಜಾತ್ರೆಯ ಜನ ನುಗ್ಗಿದರೆ ದಿನದ ಪ್ಯಾಸೆಂಜರಿಗೆ ಕಂಬಿ ಸಿಗುತ್ತದಾ?

ಹೊಸ ಶೀಶೆ ತೆಗೆದುಕೊಂಡೆವು. ಕೂದಲೆಳೆಯಷ್ಟು ತೆಳು ಸೂಜಿಯ ಸಿರಿಂಜು. ಒಂದು ಹನಿಯನ್ನು ನೂರು ಪಾಲು ಮಾಡಿದರೆ ಬರುವಷ್ಟು ನೀರು ಬಿಟ್ಟೆ. ಏನೂ ಇಲ್ಲ. ಇನ್ನಷ್ಟು ಬಿಟ್ಟೆ. ಅಂಚಿನಲ್ಲಿ ಕಿತ್ತಳೆಯ ಒಂದು ಗೆರೆ ಬಂದ ಹಾಗೆ ಕಂಡಿತು. ನಾನು ಪೈವಿಯ ಮುಖ ನೋಡಿದೆ. ಅವಳಿಗೂ ಕಂಡಿದೆ. ಇನ್ನೊಂದು ಪಾಲು. ಗೆರೆ ಕೆಳಗಿಳಿದು ಹರಡಿತು, ಕಿತ್ತಳೆ ಕೆಂಪಾಯಿತು, ಶೀಶೆಯಿಡೀ ಪುನರ್ಪುಳಿ ಶರಬತ್ತಿನ ಬಣ್ಣವಾಯಿತು.

ನಾನು ಕೊಂಕಣಿಯಲ್ಲಿ ಕಿರುಚಿದೆ. ಪಕ್ಕದ ಕೋಣೆಯಿಂದ ಮಾರ್ಕು ಓಡಿ ಬಂದರು, ಯಾರಿಗೋ ಆಸಿಡ್ ತಾಗಿತೆಂದು.

"ಕೆಂಪು, ಮಾರ್ಕು ಸರ್!" ಎಂದೆ. ಅಷ್ಟಾದರೂ ಬಾಯಿಗೆ ಬಂತು.

ಊರಿಗೆ ಹಿಂದಿರುಗಿ ಬಹಳ ತಿಂಗಳ ನಂತರ ಅದರ ಹರಳು ಬೆಳೆಸಿ ಒಳಗೆ ನೋಡಿದಾಗ, ಅಣುವಿಗೂ ಫಾಸ್ಫೇಟಿಗೂ ನಡುವೆ ಎರಡು ನೀರಿನ ಅಣುಗಳು ಎರಡೂ ಕಡೆ ಕೈ ಹಿಡಿದು ಕೂತಿದ್ದವು. ಅವಿಲ್ಲದಿದ್ದರೆ ಆಚೆಗೂ ಈಚೆಗೂ ಕೈ ಎಟುಕುವುದಿಲ್ಲ. ಈಗ ನನ್ನ ವಿದ್ಯಾರ್ಥಿಗಳಿಗೆ ಆ ಚಿತ್ರ ತೋರಿಸುತ್ತೇನೆ. ಆ ಮಂಗಳವಾರ ಮಾತ್ರ ನಮಗೆ ಅದೊಂದೂ ಗೊತ್ತಿಲ್ಲ. ಬಣ್ಣ ಮಾತ್ರ ಗೊತ್ತು.

ಸರ್‌ಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ನಮ್ಮ ಒಣ ದ್ರಾವಕ ಒಣಗಿರಲಿಲ್ಲ ಎಂಬುದನ್ನು ಹೇಳುವಾಗ ಸ್ವರ ಸಣ್ಣದಾಯಿತು. "ನಾವು ಸುಳ್ಳು ಬರ್ದ ಹಾಗೆ ಆಯ್ತಲ್ಲ ಸರ್."

"ಸುಳ್ಳಲ್ಲ, ಗೊತ್ತಿರ್ಲಿಲ್ಲ. ಗೊತ್ತಾಯ್ತಲ್ಲ, ತಿದ್ದಿ ಬರೆಯುವ. ನಮ್ಮ ಹೆಸರಲ್ಲೇ ಬರೆಯುವ, ಅದ್ರಲ್ಲಿ ನಾಚಿಕೆ ಎಂತ?" ಎಂದರು ಸರ್. ಆಮೇಲೆ ಅವರಿಗೆ ನಗು ತಡೆಯಲಿಲ್ಲ. "ಆ ಗುಲಾಬಿ ಮಣಿ! ದಿನಾ ಕಣ್ಣೆದುರು ಇತ್ತಲ್ಲ ಮಾರಾಯ್ತಿ!"

ಅಮ್ಮನಿಗೂ ಹೇಳಿದೆ. ಅವಳು ಪೂರ್ತಿ ಕೇಳಿ, "ಹಾಗಾದ್ರೆ ಇಷ್ಟು ವರ್ಷ ನಿನ್ನ ಕೆಲ್ಸದಲ್ಲಿ ಅರ್ಧ ಮಾಡಿದ್ದು ನಮ್ಮ ಊರಿನ ಗಾಳಿ. ಅದಕ್ಕೂ ಡಾಕ್ಟರ್ ಕೊಡ್ತಾರಾ?" ಎಂದಳು.

"ನಿಂಗೆ ಕೊಡ್ಬೇಕು ಮಾಂಯ್."

"ನಂಗೆ ಡಾಕ್ಟರ್ ಬೇಡ. ಬೀಡಿ ತೆಕ್ಕೊಳ್ಳುವ ಬ್ರಾಂಚಿನವ ಅದು ಸರಿ ಇಲ್ಲ ಅಂತ ಬಿಸಾಡದಿದ್ರೆ ಸಾಕು."

ಮುಚ್ಚಿದ ಬಾಗಿಲು

ಬುಧವಾರ ನಾನು ನಗುತ್ತಾ ಬಂದರೆ ಪೈವಿ ಬಾಗಿಲಲ್ಲೇ ತಡೆದಳು.

"ಇವತ್ತು ನೀನು ಒಳಗೆ ಬರಬೇಡ."

"ಯಾಕೆ?"

"ನಿನ್ನೆ ಮಾಡಿದ್ದು ನೀನು. ನಿನ್ನ ಊರಲ್ಲಿ ಮಾಡಿದ್ದೂ ನೀನು. ಇವತ್ತು ನಾನು ಮೊದಲಿನಿಂದ ಮಾಡುತ್ತೇನೆ. ನಿನ್ನ ಟಿಪ್ಪಣಿ ಸಾಕು. ನೀನು ಇದ್ದರೆ ನಾನು ನಿನ್ನ ಮುಖ ನೋಡಿ ಮಾಡುತ್ತೇನೆ."

ಅವಳು ಹೇಳಿದ್ದು ಸರಿಯೇ. ಲೇಖನ ಉಳಿಯಬೇಕಾದರೆ ಅದನ್ನು ಓದಿದ ಯಾರ ಕೈಯಲ್ಲಾದರೂ ಆ ಬಣ್ಣ ಬರಬೇಕು. 'ನಾನು ಮಾಡಿದರೆ ಬರುತ್ತದೆ' ಎನ್ನುವುದು ಮಂತ್ರವಾದಿಯ ಮಾತು, ಕೆಮಿಸ್ಟಿನದ್ದಲ್ಲ. ಇದೆಲ್ಲ ತಲೆಗೆ ಗೊತ್ತು. ಹೊಟ್ಟೆಗೆ ಗೊತ್ತಿಲ್ಲ. ಬಾಗಿಲು ಮುಚ್ಚಿತು. ನಾನು ಕಾರಿಡಾರಿನಲ್ಲಿ ಒಂದು ಬೆಂಚಿನ ಮೇಲೆ ಕೂತೆ, ಪರೀಕ್ಷೆಯ ಹಾಲಿನ ಹೊರಗೆ ಮಕ್ಕಳಿಗೆ ಕಾಯುವ ಅಪ್ಪ ಅಮ್ಮಂದಿರ ಹಾಗೆ.

ಅರ್ಧ ಗಂಟೆ. ಒಂದು ಗಂಟೆ. ತೂಗಲಿಕ್ಕೆ ಇಷ್ಟು ಹೊತ್ತು ಬೇಡ. ಕರಗಿಸಲಿಕ್ಕೂ ಬೇಡ. ಸಿರಿಂಜಿನಲ್ಲಿ ಒಂದು ಪಾಲು ಹೆಚ್ಚಾಯಿತಾ? ಕೂಗಿ ಹೇಳುವ ಎಂದು ಎದ್ದೆ, ಕೂತೆ. ಮಾರ್ಕು ಆ ದಾರಿಯಾಗಿ ಬಂದವರು ನನ್ನನ್ನು ನೋಡಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರ ನಡುವೆ ಇನ್ನೂ ಮೂರು ಜನ ಕೂರುವಷ್ಟು ಜಾಗ. ಆದರೂ ಅವರ ದೇಶದ ಲೆಕ್ಕದಲ್ಲಿ ಅದು ಹೆಗಲ ಮೇಲೆ ಕೈ ಹಾಕಿದ ಹಾಗೆ.

ಇದ್ದಕ್ಕಿದ್ದ ಹಾಗೆ ಬಾಗಿಲಿಗೆ ಒಳಗಿನಿಂದ ಒದ್ದ ಸದ್ದು. ಮತ್ತೊಂದು ಸಲ. ಸ್ವರ ಎತ್ತಿ ಮಾತಾಡದ ಪೈವಿ ಒಳಗಿನಿಂದ ಕೂಗುತ್ತಿದ್ದಾಳೆ:

"ಯೆಸಿಂತಾ! ಬಾಗಿಲು ತೆರೆ! ನನ್ನ ಎರಡೂ ಕೈ ತುಂಬಿದೆ!"

ತೆರೆದೆ. ಅವಳ ಎಡಗೈಯಲ್ಲಿ ಮೂರು ಶೀಶೆ, ಬಲಗೈಯಲ್ಲಿ ಮೂರು ಶೀಶೆ. ಹಿಂದಿನ ಕಿಟಕಿಯಲ್ಲಿ ಹಿಮದ ಬೆಳಕು. ಆರೂ ಕೆಂಪು.

ಅವಳು ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ತನ್ನ ಪುಸ್ತಕ ತೆರೆದಳು. ಆ ಪುಟದ ಕೆಳಗೆ ಎರಡು ಗೆರೆ. ಮಾಡಿದವರು ಎಂಬಲ್ಲಿ ಅವಳ ಸಹಿ ಆಗಲೇ ಬಿದ್ದಿತ್ತು. ನೋಡಿದವರು ಎಂಬಲ್ಲಿ ಬೆರಳಿಟ್ಟು ಪೆನ್ನು ನನಗೆ ಕೊಟ್ಟಳು. ನಾನು ಶಾಲೆಯಿಂದಲೂ ಸಹಿ ಹಾಕುವುದು ಕನ್ನಡದಲ್ಲಿ. ಹಾಕಿದೆ. ಕೊನೆಯ ಅಕ್ಷರ ಗೆರೆ ದಾಟಿತು.

ನನ್ನ ಪುಸ್ತಕಗಳಲ್ಲಿ ನಾಲ್ಕು ವರ್ಷದ ಎಲ್ಲ ಪುಟಗಳಲ್ಲೂ ಮಾಡಿದವಳು ನಾನೇ. ಮಾಡಿದವರ ಜಾಗದಲ್ಲಿ ಇನ್ನೊಬ್ಬರ ಹೆಸರಿರುವ ಈ ಒಂದು ಪುಟಕ್ಕಾಗಿ ನಾನು ಅಷ್ಟು ದೂರ ಹೋಗಬೇಕಾಯಿತು.